ಸ್ಕೆಚ್‌ಬುಕ್ ಪುಟಗಳು, ಭಾಗ 4: ಮೂವತ್ತು ಸೆಕೆಂಡಲ್ಲಿ ಅಪ್ಪ

ಮೊದಲನೇ ಫೋಟೋ ನೋಡಿ ನಗಬೇಡಿ. ಅದು ಮನುಷ್ಯನೇ. ಕೋಲಾರದ ಎಪಿಎಂಸಿ ಟೊಮೇಟೊ ಮಂಡಿಯಲ್ಲಿ ಬಾಕ್ಸ್ ಎತ್ತುತ್ತಿರೋ ನಮ್ಮಪ್ಪ. ತಲೆ ಒಂದು ಸೊನ್ನೆ, ಬೆನ್ನು ಒಂದು ಬಿಲ್ಲು, ಕಾಲು ಎರಡು ಗೀಟು. 30 ಸೆಕೆಂಡಲ್ಲಿ ಬರೆದದ್ದು. ಇದನ್ನೇ ಜೆಸ್ಚರ್ ಸ್ಕೆಚ್ ಅಂತಾರೆ. ಆಕಾರ ಆಮೇಲೆ, ಮೈ ಏನು ಮಾಡ್ತಿದೆ ಅನ್ನೋದನ್ನ ಮೊದಲು ಹಿಡಿಯೋದು. (ಅಪ್ಪನ್ನ ಕೇಳಿಯೇ ಹಾಕಿದ್ದೀನಿ.)

ಹೊಸಬರು ಇದರಿಂದ ಶುರು ಮಾಡ್ಬೇಕಾ ಅನ್ನೋದಕ್ಕೆ ನಮ್ಮ ಕ್ಲಾಸಲ್ಲಿ ಎರಡು ಪಾರ್ಟಿ ಇದೆ, ನಿಮಗೇ ಗೊತ್ತು. "ಮೊದಲು ಅಳತೆ ಕಲೀರಿ, ಮೈ ಅಂದ್ರೆ ಏಳೂವರೆ ತಲೆ, ಗೀಚೋದೆಲ್ಲ ಆಮೇಲೆ" ಅನ್ನೋರು ಒಂದು ಕಡೆ. "ದಿನಕ್ಕೆ ನೂರು ಗೀಚಿ, ತಾನಾಗೇ ಬರುತ್ತೆ" ಅನ್ನೋರು ಇನ್ನೊಂದು ಕಡೆ. ನಾನು ಅಳತೆ ಪಾರ್ಟಿ. ಪಿಯುಸಿ ರಜದಲ್ಲಿ ಅಪ್ಪನ್ನ ಕೂರಿಸಿ, ಪೆನ್ಸಿಲ್ ಎತ್ತಿ ಹಿಡಿದು ಅಳೆದೂ ಅಳೆದೂ ಬರೆದಿದ್ದೆ. ಎರಡನೇ ಫೋಟೋ ಅದೇ. ಕಣ್ಣು ಮೂಗು ಸರಿ ಇದೆ, ಶರ್ಟಿನ ಗುಂಡಿ ಕೂಡ ಲೆಕ್ಕಕ್ಕೆ ಸರಿ. ಆದ್ರೆ ಆಯುಧಪೂಜೆಗೆ ತೊಳೆದು ನಿಲ್ಲಿಸಿದ ಟೆಂಪೋ ಥರ ಕೂತಿದ್ದಾರೆ. ಅಮ್ಮ ನೋಡಿ, "ಚೆನ್ನಾಗಿದೆ, ಯಾರಿದು?" ಅಂದ್ರು.

ಆ ಸಿಟ್ಟಿಗೇ ಮಂಡಿಗೆ ಹೋಗಿದ್ದು. ಅಲ್ಲಿ ನಿಮಗೋಸ್ಕರ ಯಾರೂ ನಿಲ್ಲಲ್ಲ. ಒಂದು ಬಾಕ್ಸು 15 ಕೆಜಿ. ಬಗ್ಗೋದು, ಎತ್ತೋದು, ಹೆಗಲಿಗೆ ಹಾಕೋದು, ಲಾರಿ ಮೇಲಿನವನ ಕೈಗೆ ಕೊಡೋದು. ನೀವು ಒಂದು ಕಿವಿ ಬರೆಯೋದರೊಳಗೆ ಆ ಮನುಷ್ಯ ಲಾರಿಯ ಆ ಕಡೆ ಇರ್ತಾನೆ. ಮೊದಲ ಎರಡು ದಿನದ ಪುಟಗಳೆಲ್ಲ ದಂಡ. ಮೂರನೇ ದಿನ ಮುಖ ಬಿಟ್ಟುಬಿಟ್ಟೆ. ಭಾರ ಯಾವ ಕಾಲಿನ ಮೇಲೆ ಬೀಳ್ತಿದೆ ಅಂತ ನೋಡಿ, ನೆತ್ತಿಯಿಂದ ಆ ಪಾದದವರೆಗೆ ಒಂದೇ ಗೆರೆ ಎಳೆಯೋಕೆ ಶುರು ಮಾಡಿದೆ. ಅಳತೆ ಟೇಪಿಗೆ ಸಿಗದೇ ಇದ್ದ ಅಪ್ಪ ಆ ಗೆರೆಯಲ್ಲಿ ಸಿಕ್ಕಿಬಿಟ್ಟರು. ಪಕ್ಕದಲ್ಲಿ ಟೀ ಕುಡೀತಿದ್ದ ಹಮಾಲಿ ಒಬ್ಬರು ಬಗ್ಗಿ ನೋಡಿ ಅಪ್ಪನ ಹೆಸರು ಹೇಳಿದ್ರು, ಕಣ್ಣು ಮೂಗು ಏನೂ ಇಲ್ಲದ ಚಿತ್ರಕ್ಕೆ!

ಈಗ ನಾಲ್ಕನೇ ಫೋಟೋ. ಒಂದೇ ಪುಟದಲ್ಲಿ ಹನ್ನೊಂದು ಸಲ ಅಪ್ಪ. ಎಲ್ಲದರಲ್ಲೂ ಗೆರೆ ಎಡಗಾಲಿಗೇ ಇಳಿದಿದೆ, ಬಲಗಾಲು ಬರೀ ತಾಗಿಸಿದ ಹಾಗೆ. ನನ್ನ ಕೈ ತಪ್ಪು ಅಂದ್ಕೊಂಡೆ. ಬೇರೆಯವರ ಸ್ಕೆಚ್ ನೋಡಿದ್ರೆ ಯಾರದೂ ಹಾಗಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. "ಏನಿಲ್ಲ ಬಿಡಮ್ಮ, ಸೀಸನ್ ಮುಗೀಲಿ" ಅಂದ್ರು. ಎರಡು ತಿಂಗಳಿಂದ ಮಂಡಿ ನೋವಂತೆ. ಅದೇ ಮನೇಲಿ ಇದ್ದೂ ಅಮ್ಮನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಹಾಗಂತ ನಾನು ಪಾರ್ಟಿ ಬದಲಾಯಿಸಿಬಿಟ್ಟೆ ಅಂದ್ಕೋಬೇಡಿ. ಆ ಮಂಡಿಯನ್ನ ಬರೆಯೋಕೆ ಹೋದ್ರೆ ನನಗೆ ಬರಲಿಲ್ಲ. ಬದನೆಕಾಯಿ ಆಯ್ತು. ಚಿಪ್ಪು ಎಲ್ಲಿದೆ, ಮೂಳೆ ಎಲ್ಲಿ ತಿರುಗುತ್ತೆ, ಒಂದೂ ಗೊತ್ತಿಲ್ಲ. ಬರೀ ಬೇಗ ಬೇಗ ಗೀಚ್ತಾ ಇದ್ರೆ ಕೈಗೆ ಒಂದು ಚಾಳಿ ಬೀಳುತ್ತೆ, ಎಲ್ಲರ ಬೆನ್ನೂ ಅದೇ ಬಿಲ್ಲು. ಅದಕ್ಕೇ ಈಗ ಸಂಜೆ ಸೋಮೇಶ್ವರ ದೇವಸ್ಥಾನಕ್ಕೆ ಹೋಗ್ತೀನಿ. ಕಲ್ಯಾಣ ಮಂಟಪದ ಕಂಬಗಳಲ್ಲಿರೋ ಕಲ್ಲಿನ ಜನ ಲಾರಿ ಹತ್ತಲ್ಲ. ಒಂದು ಕಾಲನ್ನೇ ಅರ್ಧ ಗಂಟೆ ನೋಡಬಹುದು.

ಜೆಸ್ಚರ್ ಅಂದಾಗೆಲ್ಲ ನಿಕೊಲಾಯ್ಡೀಸ್ ಹೆಸರು ಬರುತ್ತಲ್ಲ, ಅವರು ತೀರಿಕೊಂಡ ಮೇಲೆ 1941ರಲ್ಲಿ ಬಂದ 'ದಿ ನ್ಯಾಚುರಲ್ ವೇ ಟು ಡ್ರಾ' ಪುಸ್ತಕ ತೆಗೆದು ನೋಡಿ. ಮೊದಲ ಅಭ್ಯಾಸ ಕಾಂಟೂರ್, ಅಂದ್ರೆ ಇರುವೆ ಹರಿದ ಹಾಗೆ ನಿಧಾನ. ಎರಡನೆಯದು ಜೆಸ್ಚರ್. ಎರಡೂ ಒಟ್ಟಿಗೇ ಶುರು. ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರ ಕುಣಿಯೋರ ಚಿತ್ರ ನೋಡಿ "ಎರಡು ಗೆರೆ ತಾನೇ" ಅನ್ನೋರಿಗೂ ಒಂದು ಮಾತು: ಅವರು ಮುಂಬೈ ಜೆ.ಜೆ. ಸ್ಕೂಲಲ್ಲಿ ಕಲಿತವರು, ಲಯ ತಿಳಿಯೋಕೆ ಕಥಕ್ ಕೂಡ ಕಲಿತವರು.

ನೀವು ಶುರು ಮಾಡೋದಾದ್ರೆ ಫೋನಲ್ಲಿ ಟೈಮರ್ ಇಟ್ಟು ಯಾವುದೋ ದೇಶದ ಮಾಡೆಲ್ ಫೋಟೋ ನೋಡಿ ಬರೀಬೇಡಿ. ಆ ಕ್ಷಣವನ್ನ ಕ್ಯಾಮೆರಾದವನು ಆಗಲೇ ಆರಿಸಿಬಿಟ್ಟಿರ್ತಾನೆ, ನಿಮಗೆ ನೋಡೋಕೆ ಏನೂ ಉಳಿದಿರಲ್ಲ. ಮಾಲೂರಿಂದ ಬೆಂಗಳೂರಿಗೆ ಟ್ರೈನಲ್ಲಿ ಓಡಾಡೋರು ಪುಣ್ಯವಂತರು. ನಿಂತವರು ಸ್ಟೇಷನ್ ಸ್ಟೇಷನ್‌ಗೂ ಬದಲಾಗ್ತಾರೆ, ತೂಕಡಿಸೋರು ಎರಡು ಮೂರು ನಿಮಿಷ ಕೊಡ್ತಾರೆ. ಬಾಲ್‌ಪೆನ್ ಸಾಕು, ರಬ್ಬರ್ ಮನೇಲಿ ಬಿಡಿ. ನಾಲ್ಕು ಬೇಗದ ಚಿತ್ರ ಆದ ಮೇಲೆ ಒಂದು ನಿಧಾನದ್ದು, ಬರೀ ಕೈಯೋ ಚಪ್ಪಲಿ ಹಾಕಿದ ಪಾದವೋ.

ಕೊನೇ ಫೋಟೋ ಹೋದ ವಾರದ್ದು. ಡಾಕ್ಟರ್ ಶಾಪಲ್ಲಿ ನಮ್ಮ ನಂಬರ್ ಬರೋಕೆ 40 ನಿಮಿಷ ಹಿಡೀತು. ಅಪ್ಪ ಲುಂಗಿ ಮೇಲೆತ್ತಿ ಕೂತಿದ್ರು, ಅಷ್ಟೂ ಹೊತ್ತು ಅವರ ಬಲ ಮಂಡಿ ಒಂದನ್ನೇ ಬರೆದೆ. ಪುಸ್ತಕ ತಗೊಂಡು ದೂರ ಹಿಡಿದು ನೋಡಿದ್ರು. ಆಮೇಲೆ ತಮ್ಮ ಕಾಲು ನೋಡ್ಕೊಂಡ್ರು.

"ಇಷ್ಟೊಂದು ಊದಿದೆಯೇನೆ?" ಅಂದ್ರು.