ಹೆದರಿಸಲಾರದ ದೆವ್ವ

ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ವಚನ ಸಾಹಿತ್ಯದ ಮೇಲೋ ಗಡಿನಾಡಿನ ಶಾಲೆಗಳ ಮೇಲೋ ನಾವು ಬರೆಯುವೆವೆಂದು ಅವರು ಎಣಿಸಿದ್ದಿರಬೇಕು. ಆದರೆ ನಾವು ಬರೆಯಲು ಕುಳಿತದ್ದು ಒಂದು ದೆವ್ವದ ಸಿನೆಮಾದ ಕುರಿತು. ಅದೂ ನಮಗೆ ಕಿಂಚಿತ್ತೂ ರುಚಿಸದ ಸಿನೆಮಾದ ಕುರಿತು. ವಾಚಕರು ಕ್ಷಮಿಸಬೇಕು. ನಾಲ್ವತ್ತು ವರ್ಷಗಳಿಂದ ಮನಸ್ಸಿನಲ್ಲಿ ಉಳಿದಿರುವ ಒಂದು ಮಾತನ್ನು ಹೇಳಲು ನಮಗೆ ಬೇರೆ ದಾರಿಯಿಲ್ಲ.

ಆಗ ನಾವು ಗಡಹಿಂಗ್ಲಜ ತಾಲೂಕಿನ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಶಿಕ್ಷಕರಾಗಿದ್ದೆವು. 1985ರ ಚಳಿಗಾಲವೆಂದು ನೆನಪು. ಹಿಂದಿನ ವರ್ಷ ತೆರೆಕಂಡಿದ್ದ ‘ಪುರಾನಾ ಮಂದಿರ್’ ಎಂಬ ಹಿಂದಿ ಚಿತ್ರ ನಮ್ಮ ಸೀಮೆಗೂ ಬಂದಿತ್ತು. ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರವಿದ್ದರೂ, ಮೀಸೆ ಚಿಗುರದ ಹುಡುಗರು ಒಳಗೆ ನುಸುಳಿ ನೋಡಿ ಬಂದಿದ್ದರು. ಶಾಲೆಯ ಬಾವಿಕಟ್ಟೆಯ ಮೇಲೆ, ಬಯಲಿನಲ್ಲಿ, ಎಲ್ಲೆಲ್ಲಿಯೂ ಅದೇ ಕಥೆ. ನಾವು ಚಿತ್ರವನ್ನು ನೋಡಿರಲಿಲ್ಲ. ಆದರೂ ಮುಂಜಾನೆಯ ಪ್ರಾರ್ಥನೆಯ ತರುವಾಯ ನಿಂತು, ಇಂಥ ಚಿತ್ರಗಳು ಬುದ್ಧಿಯನ್ನು ಕೆಡಿಸುತ್ತವೆಂದು ಹತ್ತು ನಿಮಿಷ ಭಾಷಣ ಮಾಡಿದೆವು.

ಅದೇ ದಿನಗಳಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗ ರಾತ್ರಿ ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದ. ಕಂದೀಲಿನ ಬೆಳಕಿನಲ್ಲಿ ಹತ್ತು ಹನ್ನೆರಡು ಹುಡುಗರು ಶಾಲೆಯಲ್ಲಿ ಕುಳಿತು ಓದುವ ರೂಢಿಯಿತ್ತು. ಇವನು ಜಾಣ, ಗಣಿತದಲ್ಲಿ ಮುಂದು. ಕಾರಣ ಕೇಳಿದರೆ ತಲೆ ತಗ್ಗಿಸಿದ. “ಅಂವಾ ದೆವ್ವಕ್ಕ ಅಂಜ್ಯಾನ್ರಿ ಸರ್” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ನಾವು ನಕ್ಕೆವು. “ಹಾಗಾದರೆ ನಾಳೆಯಿಂದ ಇವನನ್ನು ಬಾಲವಾಡಿಗೆ ಕಳಿಸೋಣ” ಎಂದೆವು. ತರಗತಿಯೆಲ್ಲ ನಕ್ಕಿತು. ಹುಡುಗ ಮಾತ್ರ ಪಾಟಿಚೀಲದ ದಾರವನ್ನು ಬೆರಳಿಗೆ ಸುತ್ತುತ್ತ ನಿಂತಿದ್ದ.

ಆ ವಾರದ ರಜೆಗೆ ಇಚಲಕರಂಜಿಯಲ್ಲಿದ್ದ ನಮ್ಮ ಹೆಂಡತಿಯ ತಮ್ಮನ ಮನೆಗೆ ಹೋದೆವು. ಸಂಕೇಶ್ವರ, ನಿಪ್ಪಾಣಿಗಳ ಮೇಲೆ ಹಾಯ್ದು ಹೋಗುವ ಬಸ್ಸು. ಮಹಾರಾಷ್ಟ್ರದಲ್ಲಿ ಹತ್ತಿ, ಕರ್ನಾಟಕವನ್ನು ದಾಟಿ, ಮತ್ತೆ ಮಹಾರಾಷ್ಟ್ರದಲ್ಲಿ ಇಳಿಯುವ ಪ್ರಯಾಣ. ಆತ ವಿದ್ಯುತ್ ಮಗ್ಗದ ಕೆಲಸಗಾರ. ಊರಿಗೆ ಊರೇ ಖಟಖಟ ಎನ್ನುವ ಆ ಪೇಟೆಯಲ್ಲಿ ಅಂದು ಅವನಿಗೆ ಪಾಳಿ ಇರಲಿಲ್ಲ. “ಮಾವಾರ, ಸಿನೆಮಾಕ್ಕ ಹೋಗೂಣು ನಡೀರಿ” ಎಂದ. ಯಾವ ಚಿತ್ರವೆಂದು ವಾಚಕರು ಊಹಿಸಿರಬಹುದು. ನಿಂದಿಸಿದ್ದನ್ನು ಒಮ್ಮೆ ನೋಡಿಬಿಡೋಣವೆಂದು ನಾವೂ ಹೊರಟೆವು.

ಕಥೆ ಇಷ್ಟು. ಇನ್ನೂರು ವರ್ಷಗಳ ಹಿಂದೆ ಸಾಮ್ರಿ ಎಂಬ ದುಷ್ಟ ಮಾಂತ್ರಿಕನ ಶಿರಚ್ಛೇದ ಮಾಡಿಸುತ್ತಾನೆ ಒಬ್ಬ ರಾಜ. ತಲೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ಮುಂಡವನ್ನು ಹಳೆಯ ಗುಡಿಯ ಹತ್ತಿರ ಹುಗಿಯುತ್ತಾರೆ. ಈ ವಂಶದ ಹೆಣ್ಣುಮಕ್ಕಳೆಲ್ಲ ಹೆರಿಗೆಯಲ್ಲಿ ಸಾಯಲಿ ಎಂಬುದು ಅವನ ಶಾಪ. ಬೀಜ ಗಟ್ಟಿಯಾದದ್ದೇ. ಆದರೆ ಬೆಳೆ? ಹೆಜ್ಜೆಹೆಜ್ಜೆಗೆ ಹೊಗೆ, ನಡುನಡುವೆ ಕೆಂಪು ಹಸಿರು ದೀಪ, ಕಿರ್ರೆನ್ನುವ ಬಾಗಿಲು. ಹೆದರಿಕೆ ಹುಟ್ಟುವಷ್ಟರಲ್ಲಿ ಒಂದು ಹಾಡು. ಹಾಡು ಮುಗಿಯುವಷ್ಟರಲ್ಲಿ ಜಗದೀಪನ ಹಾಸ್ಯ. ಅದೂ ‘ಶೋಲೆ’ಯ ಅಣಕ. ದೆವ್ವವಾದ ಅಜಯ್ ಅಗರವಾಲ್ ಎಂಬ ನಟ ಎತ್ತರದ ಆಸಾಮಿ, ಓದಿನಿಂದ ಇಂಜಿನಿಯರನಂತೆ. ಆ ಮುಖವನ್ನು ಒಮ್ಮೆ ತೋರಿಸಿ ಮರೆಮಾಡಿದ್ದರೆ ಭಯವಾಗುತ್ತಿತ್ತೇನೋ. ಮತ್ತೆ ಮತ್ತೆ ತೋರಿಸಿದ್ದರಿಂದ ಕಡೆಗೆ ಪರಿಚಯದ ಮನುಷ್ಯನಂತಾದ. ಸುತ್ತ ಕುಳಿತ ಮಗ್ಗದ ಕೆಲಸಗಾರರು ಶಿಳ್ಳೆ ಹಾಕಿ ಅವನನ್ನು ಸ್ವಾಗತಿಸುತ್ತಿದ್ದರು.

ರೊಕ್ಕ ಕಡಿಮೆಯಿದ್ದುದೇ ಕಾರಣವೆನ್ನಲು ನಾವು ಒಪ್ಪೆವು. ಇದನ್ನು ತೆಗೆದ ರ‍್ಯಾಮ್ಸೆ ಬಂಧುಗಳು ಏಳು ಜನ ಅಣ್ಣತಮ್ಮಂದಿರು. ಒಬ್ಬ ಬರೆಯುವವ, ಒಬ್ಬ ಛಾಯಾಗ್ರಾಹಕ, ಒಬ್ಬ ಧ್ವನಿ ನೋಡಿಕೊಳ್ಳುವವ, ಒಬ್ಬ ಸಂಕಲನಕಾರ. ತುಳಸಿ ಮತ್ತು ಶ್ಯಾಮ ನಿರ್ದೇಶಕರು. 1972ರಲ್ಲಿ ‘ದೋ ಗಜ್ ಜಮೀನ್ ಕೆ ನೀಚೆ’ ಚಿತ್ರಕ್ಕಾಗಿ ಮನೆಮಂದಿಯೆಲ್ಲ ಮಹಾಬಳೇಶ್ವರಕ್ಕೆ ಹೋಗಿ, ಅತ್ಯಲ್ಪ ಖರ್ಚಿನಲ್ಲಿ ಚಿತ್ರೀಕರಿಸಿ ಬಂದವರು. ಒಕ್ಕಲುತನದಂತೆ ಕೂಡಿ ದುಡಿದ ಆ ಮನೆತನದ ಬಗ್ಗೆ ನಮಗೆ ಗೌರವವಿದೆ. ಆದರೆ ನಮ್ಮ ಕೊಲ್ಲಾಪುರದ ಬಾಬೂರಾವ್ ಪೇಂಟರರ ಕೈಯಲ್ಲಿ ಎಷ್ಟು ರೊಕ್ಕವಿತ್ತು? ಕ್ಯಾಮೆರಾವನ್ನು ಸಹ ತಾವೇ ಕಟ್ಟಿಕೊಂಡ ಮಹಾನುಭಾವರು ಅವರು. 1920ರ ಅವರ ‘ಸೈರಂಧ್ರಿ’ ಮೂಕಚಿತ್ರದಲ್ಲಿ ಕೀಚಕವಧೆಯನ್ನು ಕಂಡ ಜನ ಎಷ್ಟು ತತ್ತರಿಸಿದರೆಂದರೆ ಆ ದೃಶ್ಯವನ್ನೇ ಕತ್ತರಿಸಬೇಕಾಯಿತು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ ಸಹ ಇದೇ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ ತಯಾರಾದದ್ದೆಂಬುದನ್ನು ಸಂಘದ ಮಕ್ಕಳು ಹೆಮ್ಮೆಯಿಂದ ನೆನೆಯಬೇಕು. ಬಡತನ ಕಲೆಯನ್ನು ಕೆಡಿಸುವುದಿಲ್ಲ.

ಹೊರಗೆ ಬಂದು ಚಹಾ ಕುಡಿಯುತ್ತ ಈ ವಿಮರ್ಶೆಯನ್ನೆಲ್ಲ ಭಾವಮೈದುನನ ಮುಂದೆ ಸುರಿದೆವು. ಆತ ತಾಳ್ಮೆಯಿಂದ ಕೇಳಿ, “ಖರೆ ಐತ್ರಿ ಮಾವಾರ. ಆದ್ರ ನಾವು ಹನ್ನೆರಡು ತಾಸು ನಿಂತು ಮಗ್ಗಾ ನೋಡಾವ್ರು. ಇಲ್ಲಿ ಮೂರು ತಾಸು ಕುಂಡ್ರಾಕ ಸಿಗತೈತಿ. ದೆವ್ವ ಹೆಂಗರ ಇರಲಿ, ಕುರ್ಚಿ ಚಲೋ ಐತಿ” ಎಂದ. ನಮ್ಮ ವಿಮರ್ಶೆ ಅಲ್ಲಿಗೆ ನಿಂತಿತು.

ಸೋಮವಾರ ಶಾಲೆ ಬಿಟ್ಟ ಮೇಲೆ ಆ ಹುಡುಗನನ್ನು ಕರೆದು, “ಹುಚ್ಚಪ್ಪಾ, ನಾವೂ ಆ ಸಿನೆಮಾ ನೋಡಿ ಬಂದೆವು. ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ” ಎಂದೆವು. ಆತ ಮೆಲ್ಲಗೆ, “ನಾ ಸಿನೆಮಾ ನೋಡಿಲ್ರಿ ಸರ್” ಎಂದ. ಟಿಕೀಟಿಗೆ ರೊಕ್ಕ ಎಲ್ಲಿಂದ? ಬಾವಿಕಟ್ಟೆಯ ಮೇಲೆ ಗೆಳೆಯರು ಹೇಳಿದ್ದನ್ನು ಕೇಳಿದ್ದನಷ್ಟೆ. ಅವನ ತಾಯಿಗೆ ಆಗ ಒಂಬತ್ತು ತಿಂಗಳು. ಹಿಂದಿನ ಸಲ ಕೂಸು ಉಳಿದಿರಲಿಲ್ಲ. ತಾಯಿಯೂ ಉಳಿದದ್ದು ಪುಣ್ಯ. ತಂದೆ ಇಚಲಕರಂಜಿಯ ಮಗ್ಗದಲ್ಲಿ. ಹದಿನೈದು ದಿನಕ್ಕೊಮ್ಮೆ ಬರುವವನು. “ಹಡಿಯೂ ಹೆಣ್ಮಕ್ಳು ಸಾಯ್ತಾರಂತ್ರಿ ಅದರಾಗ. ರಾತ್ರಿ ನಾ ಸಾಲಿಗೆ ಬಂದ್ರ ಅವ್ವನ ಬಾಗಲಾಗ ಯಾರು ಕುಂಡ್ರಬೇಕ್ರಿ?” ಎಂದು ಕೇಳಿದ.

ನಮ್ಮಲ್ಲಿ ಉತ್ತರವಿರಲಿಲ್ಲ. ತೆರೆಯ ಮೇಲೆ ಅಷ್ಟು ಹೊಗೆ, ಅಷ್ಟು ಬಣ್ಣ ಸುರಿದರೂ ಒಬ್ಬರನ್ನೂ ಹೆದರಿಸಲಾರದ ಆ ದೆವ್ವ, ನಾಲ್ಕು ಹುಡುಗರ ಬಾಯಲ್ಲಿ ನಮ್ಮ ಕನ್ನಡವನ್ನಾಡುತ್ತ ಬಂದು ಈ ಮಗುವಿನ ಹೊಸ್ತಿಲಲ್ಲಿ ಕುಳಿತಿತ್ತು. ಹುಡುಗ ಹೆದರಿ ಅಡಗಿರಲಿಲ್ಲ. ಹೆದರಿಕೆಯ ಎದುರಿಗೇ ರಾತ್ರಿಯೆಲ್ಲ ಕಾವಲು ಕುಳಿತಿದ್ದ. ಅವನನ್ನು ನಾವು ಬಾಲವಾಡಿಗೆ ಕಳಿಸಹೊರಟಿದ್ದೆವು.

ಮರುದಿನವೇ ನಮ್ಮ ಮನೆಯವರು ಆ ತಾಯಿಯನ್ನು ಗಡಹಿಂಗ್ಲಜದ ದವಾಖಾನೆಗೆ ಕರೆದುಕೊಂಡು ಹೋಗಿ ತೋರಿಸಿ ತಂದರು. ಮುಂದೆ ಎರಡು ವಾರಕ್ಕೆ ಅಲ್ಲಿಯೇ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಸುಖವಾಗಿದ್ದರು. ಹುಡುಗ ಶಾಲೆಗೆಲ್ಲ ಬೆಲ್ಲ ಹಂಚಿದ. ಮೊದಲ ತುಣುಕನ್ನು ನಮ್ಮ ಕೈಗೆ ಕೊಟ್ಟ. ರಾತ್ರಿ ಅಭ್ಯಾಸಕ್ಕೂ ಮರಳಿ ಬಂದ.

ಆದರೆ ತರಗತಿಯ ಮುಂದೆ ಆಡಿದ ಮಾತನ್ನು ತರಗತಿಯ ಮುಂದೆಯೇ ಹಿಂದೆಗೆದುಕೊಳ್ಳುವುದು ನಮ್ಮಿಂದಾಗಲಿಲ್ಲ. ಏಕಾಂತದಲ್ಲಿ ಬೆನ್ನು ತಟ್ಟಿದೆವು; ಎಲ್ಲರ ಎದುರಿಗೆ ತಪ್ಪಾಯಿತೆನ್ನಲಿಲ್ಲ. ಶಿಕ್ಷಕನ ಮರ್ಯಾದೆ ಅಡ್ಡ ಬಂತು. ಕೆಲವು ವರ್ಷಗಳ ಅನಂತರ ಇಚಲಕರಂಜಿಯ ಬಸ್ ನಿಲ್ದಾಣದಲ್ಲಿ ಆತ ಸಿಕ್ಕಾಗ ಕಾಲು ಮುಟ್ಟಿ ನಮಸ್ಕರಿಸಿದ. ತಂಗಿ ಶಾಲೆಗೆ ಹೋಗುತ್ತಿದ್ದಾಳೆಂದು ಹೇಳಿದ. ಆಗಲೂ ನಾವು ಆ ಮಾತನ್ನೆತ್ತಲಿಲ್ಲ. ಬಸ್ಸು ಬಂತು, ಹತ್ತಿದೆವು.

ಈಗ ನಮ್ಮ ಮೊಮ್ಮಕ್ಕಳು ಮೊಬೈಲಿನಲ್ಲಿ ದೆವ್ವದ ಚಿತ್ರಗಳನ್ನು ನೋಡುತ್ತಾರೆ. ಬೈಯಲು ಬಾಯಿ ತೆರೆದಾಗಲೆಲ್ಲ ಆ ಹುಡುಗನ ನೆನಪಾಗುತ್ತದೆ. ಪಕ್ಕದಲ್ಲಿ ಕುಳಿತು, “ಏನಾಯಿತಪ್ಪಾ ಕಥೆಯಲ್ಲಿ? ನಮಗೂ ಕನ್ನಡದಲ್ಲಿ ಹೇಳು ನೋಡೋಣ” ಎನ್ನುತ್ತೇವೆ. ಮರಾಠಿ, ಹಿಂದಿಗಳನ್ನು ಬೆರೆಸಿ ತಡವರಿಸುತ್ತ ಹೇಳುತ್ತಾರೆ. ಅವರು ಎಲ್ಲಿ ದನಿ ತಗ್ಗಿಸುತ್ತಾರೆಂಬುದನ್ನು ಗಮನವಿಟ್ಟು ಕೇಳುತ್ತೇವೆ. ಸಂಘದ ತಾಯಿತಂದೆಯರೂ ಹೀಗೆ ಒಮ್ಮೆ ಕೇಳಿ ನೋಡಬೇಕೆಂದು ನಮ್ಮ ವಿನಂತಿ.

ಅಂದು ತರಗತಿಯಲ್ಲಿ ಹೇಳಬೇಕಿದ್ದ ಮಾತನ್ನು ಇಂದು ಈ ಸಂಚಿಕೆಯಲ್ಲಿ, ಹತ್ತು ಜನರ ಎದುರಿಗೆ ಹೇಳುತ್ತಿದ್ದೇವೆ: ತಪ್ಪು ನಮ್ಮದು. ಆತ ಎಲ್ಲಿದ್ದರೂ ಸುಖವಾಗಿರಲಿ.