ಹಲಗಲಿಯ ದಂಡಾಳುಗಳು

ಹುತಾತ್ಮ ಯೋಧರಿಗೆ ದೀಪ ಹಚ್ಚುವಾಗಲೆಲ್ಲ ಗಲಗಲಿಯವರಾದ ನಮಗೆ ಮುಧೋಳ ಸೀಮೆಯ ಹಲಗಲಿಯೂ ನೆನಪಾಗಬೇಕು. ಸಮವಸ್ತ್ರ, ಪಗಾರ, ಪಿಂಚಣಿ ಯಾವುದೂ ಇಲ್ಲದೆ ಕಾದಿ ಮಡಿದವರು ಅಲ್ಲಿಯ ಬೇಡರು. 1857ರಲ್ಲಿ ಬ್ರಿಟಿಷರು ಹತಾರ ಒಪ್ಪಿಸಿರೆಂದರು, ಇವರು ಒಲ್ಲೆವೆಂದರು. ನವೆಂಬರ್ ಕೊನೆಗೆ ದಂಡು ಬಂದು ಊರಿಗೇ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಿದರು. ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಹಲಗಲಿಯಲ್ಲೇ. ಹುಟ್ಟಿದ ಊರಲ್ಲೇ ನೇಣು!

ಆ ಬೇಡರ ಮುಂದಾಳುಗಳಾದ ಜಡಗ, ಬಾಲ, ರಾಮರ ಹೆಸರನ್ನು ಕಾಪಾಡಿದ್ದು ಹಳ್ಳಿಗರ ಲಾವಣಿ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಬ್ರಿಟಿಷ್ ಅಧಿಕಾರಿಯೇ ಆಗಿದ್ದ ಜೆ.ಎಫ್. ಫ್ಲೀಟ್, ಆ ಉಪಕಾರವನ್ನೂ ಮರೆಯಲಾರೆ. ಬರುವ ಆಗಸ್ಟ್ 15ಕ್ಕೆ ನಮ್ಮ ಶಾಲೆಯ ಮಕ್ಕಳು ಗಡಿಯಲ್ಲಿ ಮಡಿದ ಸೈನಿಕರ ಜೊತೆಗೆ ಈ 19 ಮಂದಿಗೂ ಜೈಕಾರ ಕೂಗಲಿ. ಗುರುಗಳೇ, ಹಿರಿಯರೇ, ಇದೊಂದು ನಡೆಸಿಕೊಡಿ.