ಹಾಸಿಗೆ ಪಕ್ಕದ ಟಿವಿಗೆ ಪೂಜೆ ಬರಬೇಕಾದರೆ

ವಾಳೆ ಭೇಟಿಗೆ ಹೋದಲ್ಲೆಲ್ಲ ನಮ್ಮ ಯುವಜನರಿಗೆ ಈಗ ಒಂದೇ ಬೇಡಿಕೆ: "ಮಕ್ಕಳೇ, ಈ ಟಿವಿ ಒಮ್ಮೆ ನೋಡಿ, ಪೂಜೆ ಬರುವುದಿಲ್ಲ." ಮೊಬೈಲಿನಲ್ಲಿ ಬರುತ್ತದೆ, ಟಿವಿಯಲ್ಲಿ ಬರುವುದಿಲ್ಲ. ಗಲ್ಫಿನಿಂದ ರಜೆಗೆ ಬಂದ ಮಗ ಒಂದು ಪುಟ್ಟ ಬಾಕ್ಸ್ ತಂದು, ಟಿವಿಯ ಹಿಂದೆ ಸಿಕ್ಕಿಸಿ, ವೈಫೈಗೆ ಜೋಡಿಸಿ, ಎಲ್ಲ ಸರಿ ಮಾಡಿಕೊಟ್ಟು ಹೋಗಿರುತ್ತಾನೆ. ಅವನು ವಿಮಾನ ಹತ್ತಿದ ಮರುವಾರವೇ ಅದು ಮುಷ್ಕರ ಹೂಡುತ್ತದೆ.

ಮನೆಯಿಂದ ಹೊರಗೆ ಕಾಲಿಡಲಾಗದವರಿಗೆ ಇದು ಸಣ್ಣ ವಿಷಯವಲ್ಲ. ತಿಂಗಳ ಮೊದಲ ಶುಕ್ರವಾರ ಗುರುಗಳು ಪರಮ ಪ್ರಸಾದ ತರುತ್ತಾರೆ, ಸರಿ. ಉಳಿದ ಆದಿತ್ಯವಾರಗಳಲ್ಲಿ ತಾವು ಹುಟ್ಟಿ ಬೆಳೆದ ಇಗರ್ಜಿಯ ಗಂಟೆ, ಗಾಯನ, ಪ್ರವಚನ ಎಲ್ಲವೂ ಅವರ ಪಾಲಿಗೆ ಆ ಪರದೆಯಲ್ಲೇ. (ಕಾಲು ಗಟ್ಟಿ ಇರುವ ನಮ್ಮಂಥವರಿಗೆ ಈ ಸೌಲಭ್ಯ ಅಲ್ಲ ಮಾರಾಯ್ರೆ, ಹೊದ್ದುಕೊಂಡು ಪೂಜೆ ನೋಡುವ ಹುಡುಗರು ಯಾರೆಂದು ನಮಗೆ ಗೊತ್ತು.) ಅಸ್ಸಿಸಿಯ ಸಂತ ಕ್ಲಾರಾರಿಗೂ ಇದೇ ಕಷ್ಟ ಬಂದಿತ್ತು. 1252ರ ಕ್ರಿಸ್ಮಸ್ ರಾತ್ರಿ ಉಳಿದ ಸಹೋದರಿಯರೆಲ್ಲ ಪ್ರಾರ್ಥನೆಗೆ ಹೋದಾಗ ಕಾಯಿಲೆಯ ಕ್ಲಾರಾ ಒಬ್ಬರೇ ಹಾಸಿಗೆಯಲ್ಲಿ ಉಳಿದರಂತೆ. ಆಗ ದೂರದ ಸಂತ ಫ್ರಾನ್ಸಿಸರ ದೇವಾಲಯದ ಆರಾಧನೆಯನ್ನು ಅವರು ಮಲಗಿದಲ್ಲೇ ಕಂಡರು, ಕೇಳಿದರು ಎಂದು ಪರಂಪರೆ ಹೇಳುತ್ತದೆ. ಇದೇ ಕಾರಣಕ್ಕೆ 1958ರಲ್ಲಿ ಪೋಪ್ 12ನೇ ಪಿಯುಸ್ ಅವರನ್ನು ಟೆಲಿವಿಷನ್ನಿನ ಪಾಲಕ ಸಂತರೆಂದು ಸಾರಿದರು. ಕ್ಲಾರಾರಿಗೆ ವೈಫೈ ಬೇಕಾಗಲಿಲ್ಲ. ನಮ್ಮ ಅಜ್ಜಿಯಂದಿರಿಗೆ ಬೇಕು.

ಹಾಗಾಗಿ ವಿಷಯಕ್ಕೆ ಬರೋಣ. ಕಾಸ್ಟ್ ಗುರುತು ಒತ್ತಿದಾಗ ಮೊಬೈಲು ಚಿತ್ರವನ್ನು ಟಿವಿಗೆ ಕಳುಹಿಸುತ್ತದೆ ಎಂದು ಹೆಚ್ಚಿನವರು ಅಂದುಕೊಂಡಿದ್ದಾರೆ. ಯೂಟ್ಯೂಬಿನ ಮಟ್ಟಿಗೆ ಹಾಗಲ್ಲ. ಮೊಬೈಲು "ಇಂಥ ವಿಡಿಯೊ ಹಾಕು" ಎಂದು ಬಾಕ್ಸಿಗೆ ವಿಳಾಸ ಮಾತ್ರ ಹೇಳುತ್ತದೆ, ವಿಡಿಯೊವನ್ನು ಬಾಕ್ಸೇ ನೇರವಾಗಿ ಇಂಟರ್ನೆಟ್ಟಿನಿಂದ ಎಳೆದುಕೊಳ್ಳುತ್ತದೆ. ಅಂದರೆ ಮೊಬೈಲಿಗೆ ಬಾಕ್ಸ್ ಕಾಣಬೇಕು, ಬಾಕ್ಸಿಗೆ ಇಂಟರ್ನೆಟ್ ಸಿಗಬೇಕು. ಕಾಸ್ಟ್ ಪಟ್ಟಿಯಲ್ಲಿ ಬಾಕ್ಸಿನ ಹೆಸರೇ ಇಲ್ಲದಿದ್ದರೆ ಮೊದಲನೆಯದರಲ್ಲಿ ತೊಂದರೆ. ಹೆಸರಿದೆ, ಒತ್ತಿದರೆ ಗುಂಡಗೆ ತಿರುಗುತ್ತಲೇ ಇರುತ್ತದೆ ಎಂದಾದರೆ ಎರಡನೆಯದರಲ್ಲಿ.

ಹೆಸರು ಕಾಣದ ಮನೆಗಳಲ್ಲಿ ಮೊದಲು ಮೊಬೈಲ್ ಡೇಟಾ ನೋಡಿ. ಮೊಬೈಲು ವೈಫೈ ಬಿಟ್ಟು ಡೇಟಾಕ್ಕೆ ಹೋಗಿದ್ದರೆ ಯೂಟ್ಯೂಬೇನೋ ಓಡುತ್ತದೆ, ಬಾಕ್ಸ್ ಮಾತ್ರ ಕಾಣುವುದಿಲ್ಲ. "ಗೆಸ್ಟ್" ಹೆಸರಿನ ವೈಫೈಗೆ ಸೇರಿಕೊಂಡಿದ್ದರೂ ಹಾಗೆಯೇ. ಅದು ನೆಂಟರಿಗೆ ಇಂಟರ್ನೆಟ್ ಕೊಡುತ್ತದೆ, ಮನೆಯ ಬೇರೆ ಸಾಧನಗಳನ್ನು ತೋರಿಸುವುದಿಲ್ಲ.

ನಮ್ಮನ್ನು ಹೆಚ್ಚು ಹೊತ್ತು ಕೂರಿಸಿದ್ದು ಎರಡು ರೂಟರಿನ ಮನೆಗಳು. ನಮ್ಮ ಕಾಸರಗೋಡು ಕಡೆಯ ಹಳೆ ಮನೆ ಹೇಗೆಂದು ನಿಮಗೆ ಗೊತ್ತಲ್ಲ: ಕೆಂಪುಕಲ್ಲಿನ ದಪ್ಪ ಗೋಡೆ, ಹಿಂದೆ ಸೇರಿಸಿ ಕಟ್ಟಿದ ಹೊಸ ಕೋಣೆ, ಅಜ್ಜಿಯ ಹಾಸಿಗೆ ಅಲ್ಲಿ, ಇಂಟರ್ನೆಟ್ ಬರುವುದು ಎದುರಿನ ಚಾವಡಿಗೆ. ಸಿಗ್ನಲ್ ತಲುಪದೆಂದು ಯಾರೋ ಎರಡನೇ ರೂಟರ್ ತಂದು ವಯರು ಎಳೆದಿರುತ್ತಾರೆ. ಬಾಕ್ಸ್ ಆ ಎರಡನೆಯದಕ್ಕೆ, ಸೊಸೆಯ ಮೊಬೈಲು ಮೊದಲನೆಯದಕ್ಕೆ. ಎರಡರಲ್ಲೂ ಇಂಟರ್ನೆಟ್ ಇದೆ, ಆದರೆ ಒಂದರ ಮುಖ ಒಂದು ನೋಡುವುದಿಲ್ಲ. ಇದನ್ನು ಪತ್ತೆ ಮಾಡಲು ಎರಡರದೂ ಐಪಿ ವಿಳಾಸ ತೆರೆದು ನೋಡಿ. ಮೊಬೈಲಿನದು 192.168.1 ಎಂದು ಶುರುವಾಗಿ ಬಾಕ್ಸಿನದು 192.168.0 ಎಂದಿದ್ದರೆ, ಒಂದೇ ಮನೆಯಲ್ಲಿ ಎರಡು ಒಲೆ ಉರಿಯುತ್ತಿವೆ ಎಂದರ್ಥ. ಎರಡನೇ ರೂಟರಿನ ಸೆಟ್ಟಿಂಗಿನಲ್ಲಿ "ಆಕ್ಸೆಸ್ ಪಾಯಿಂಟ್" ಎಂಬ ಆಯ್ಕೆ ಇದ್ದರೆ ಅದಕ್ಕೆ ಬದಲಿಸಿ. ಇಲ್ಲದಿದ್ದರೆ ಅದರ ಸ್ವಂತ ಐಪಿಯನ್ನು ಮೊದಲನೆಯದರ ಸಾಲಿನಲ್ಲೇ, ಬೇರೆ ಯಾರೂ ಬಳಸದ ಒಂದು ಸಂಖ್ಯೆಗೆ ಇಟ್ಟು, ಡಿಎಚ್‌ಸಿಪಿ ಆರಿಸಿ, ವಯರನ್ನು ವ್ಯಾನ್ ತೂತಿನಿಂದ ತೆಗೆದು ಲ್ಯಾನ್ ತೂತಿಗೆ ಹಾಕಿ. ಹತ್ತು ನಿಮಿಷದ ಕೆಲಸ. ಇಷ್ಟಾದರೆ ಮೊಬೈಲಿಗೆ ಬಾಕ್ಸ್ ಕಾಣುತ್ತದೆ.

ಇನ್ನು ತಿರುಗುತ್ತಲೇ ಇರುವ ಗುಂಡಗೆ. ಬಾಕ್ಸು ಟಿವಿಯ ಬೆನ್ನಿಗೆ ಅಂಟಿಕೊಂಡು ಕೂತಿರುತ್ತದೆ: ಒಂದು ಪಕ್ಕ ಟಿವಿಯ ಲೋಹ, ಇನ್ನೊಂದು ಪಕ್ಕ ಗೋಡೆ. ಗೇಣುದ್ದದ ಎಚ್‌ಡಿಎಂಐ ಎಕ್ಸ್‌ಟೆನ್ಶನ್ ಹಾಕಿ ಅದನ್ನು ಸ್ವಲ್ಪ ಹೊರಗೆ ತಂದರೆ ಅಷ್ಟಕ್ಕೇ ಗುಣವಾದ ಮನೆಗಳಿವೆ. ರೂಟರು ಎರಡು ಗೋಡೆಯಾಚೆ ಇದ್ದರೆ 5 ಗಿಗಾಹರ್ಟ್ಸ್ ಬಿಟ್ಟು 2.4ಕ್ಕೆ ಸೇರಿಸಿ ನೋಡಿ. ವೇಗ ಕಡಿಮೆ, ಆದರೆ ಗೋಡೆ ದಾಟುವ ತಾಕತ್ತು ಅದಕ್ಕೇ ಹೆಚ್ಚು, ಪೂಜೆಯ ನೇರಪ್ರಸಾರಕ್ಕೆ ಅಷ್ಟು ವೇಗ ಸಾಕು.

ಪ್ರವೇಶ ಗೀತೆಗೆ ಚೆನ್ನಾಗಿದ್ದು ಶುಭಸಂದೇಶಕ್ಕೆ ಟಿವಿ ಕಪ್ಪಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆಯೇ? ಹಾಗಾದರೆ ಬಾಕ್ಸಿಗೆ ಕರೆಂಟು ಎಲ್ಲಿಂದ ಎಂದು ನೋಡಿ. ಟಿವಿಯ ಯುಎಸ್‌ಬಿಯಿಂದ ಎಂದಾದರೆ, ಸಾಮಾನ್ಯ ಯುಎಸ್‌ಬಿ 2.0 ತೂತು ಕೊಡುವುದು ಅರ್ಧ ಆಂಪಿಯರ್ ಮಾತ್ರ, ಹಲವು ಬಾಕ್ಸುಗಳಿಗೆ ಅದು ಸಾಲದು. ಜೊತೆಗೆ ಬಂದ ಅಡಾಪ್ಟರನ್ನೇ ಗೋಡೆಗೆ ಸಿಕ್ಕಿಸಿ.

ಮಳೆಗಾಲದ ವಿಷಯ ಬೇರೆಯೇ. ಕರೆಂಟು ಹೋಗಿ ಬಂದಾಗ ಬಾಕ್ಸು ಬೇಗ ಏಳುತ್ತದೆ, ರೂಟರು ನಿಧಾನ. ಬಾಕ್ಸು ವೈಫೈ ಹುಡುಕಿ ಸಿಗದೆ ಸುಮ್ಮನಾಗಿಬಿಡುತ್ತದೆ. ಎರಡು ನಿಮಿಷ ಬಿಟ್ಟು ಬಾಕ್ಸನ್ನು ಮಾತ್ರ ತೆಗೆದು ಹಾಕಿದರೆ ಸಾಕು. ಅದರಲ್ಲಿ ತಾರೀಕು ತಪ್ಪಾಗಿದ್ದರೂ ಸುರಕ್ಷಿತ ಜೋಡಣೆ ಆಗದೆ ಯೂಟ್ಯೂಬ್ ತೆರೆಯುವುದಿಲ್ಲ, ಅದನ್ನೂ ನೋಡಿ.

ಇಷ್ಟೆಲ್ಲ ಮಾಡಿದ ಮೇಲೂ ನಮಗೆ ಸಮಾಧಾನವಾಗದ ಒಂದು ಸಂಗತಿ ಉಳಿಯಿತು. ಕಾಸ್ಟ್ ಮಾಡಲು ಯಾರಾದರೊಬ್ಬರ ಮೊಬೈಲು ಬೇಕು. ಮನೆಯವರೆಲ್ಲ ಇಗರ್ಜಿಗೆ ಹೊರಟರೆ ಮೊಬೈಲುಗಳೂ ಅವರ ಜೊತೆ ಹೊರಟವು! ಯಾರಿಗಾಗಿ ಇದೆಲ್ಲ ಮಾಡಿದೆವೋ ಅವರೇ ಖಾಲಿ ಪರದೆಯ ಎದುರು. ಆದ್ದರಿಂದ ರಿಮೋಟ್ ಇರುವ ಬಾಕ್ಸಾದರೆ ಅದರಲ್ಲೇ ಯೂಟ್ಯೂಬ್ ಹಾಕಿ, ನಮ್ಮ ಇಗರ್ಜಿಯ ಚಾನೆಲ್ಲಿಗೆ ಚಂದಾದಾರರಾಗಿಸಿ. ವಿಳಾಸ ಕೇರಳದ್ದೆಂದು ಅದು ಮಲಯಾಳಂ ವಾರ್ತೆಯನ್ನೇ ಮುಂದೆ ತಂದು ಸುರಿಯುತ್ತದೆ. ಕನ್ನಡ ಪೂಜೆಗಳನ್ನು ನಾಲ್ಕೈದು ಸಲ ತೆರೆದರೆ ಮೆಲ್ಲಗೆ ದಾರಿಗೆ ಬರುತ್ತದೆ. ರಿಮೋಟಿನ ಬೇಕಾದ ಮೂರು ಗುಂಡಿಗಳಿಗೆ ಬಣ್ಣದ ಚೀಟಿ ಅಂಟಿಸಿ. ಆಮೇಲೆ ನೀವು ಒತ್ತಿ ತೋರಿಸಬೇಡಿ, ರಿಮೋಟ್ ಅವರ ಕೈಗೆ ಕೊಟ್ಟು ಅವರೇ ಮೂರು ಸಲ ಒತ್ತುವವರೆಗೆ ಕೂತುಕೊಳ್ಳಿ. ಒಬ್ಬ ಅಜ್ಜಿಗೆ ಮುಕ್ಕಾಲು ಗಂಟೆ ಬೇಕಾಯಿತು, ನಡುವೆ ನಮಗೆ ಎರಡು ಸಲ ಚಹಾ ಆಯಿತು. ಮರು ಆದಿತ್ಯವಾರ ಮೊಮ್ಮಗಳು ಪೂಜೆಯಿಂದ ಮನೆಗೆ ಬರುವಾಗ ಅಜ್ಜಿ ಪ್ರವಚನದ ಬಗ್ಗೆ ಅವಳನ್ನೇ ಪರೀಕ್ಷೆ ಮಾಡಿದರಂತೆ.

ವೈಫೈ ಹೆಸರು, ಪಾಸ್‌ವರ್ಡ್ ಬರೆದು ಟಿವಿ ಹಿಂದೆ ಅಂಟಿಸಿಡಿ, ಮುಂದಿನ ಸಲ ಬರುವವರಿಗೆ ಉಪಕಾರ. ಗರಿಗಳ ಆದಿತ್ಯವಾರಕ್ಕೆ ಮುಂಚೆ ನಾವು ಮತ್ತೊಮ್ಮೆ ಎಲ್ಲ ವಾಳೆಗಳಿಗೆ ಹೊರಡುತ್ತೇವೆ. ಹಾಸಿಗೆ ಹಿಡಿದವರಿರುವ ಮನೆಯವರು ನಿಮ್ಮ ಗುರಿಕಾರರಲ್ಲಿ ಹೇಳಿಡಿ. ಎಚ್‌ಡಿಎಂಐ ವಯರು ನಾವೇ ತರುತ್ತೇವೆ.